ಅಡುಗೆಮನೆಯ ಹಿಂದಿನ ಸಮುದ್ರ

ಬಹ್ರೈನ್ ಒಂದು ದ್ವೀಪ, ಅದರ ನಾಲ್ಕೂ ಕಡೆ ಸಮುದ್ರವಿದೆ ಎಂಬುದು ಭೂಗೋಳ ಓದಿದವರಿಗೆಲ್ಲ ಗೊತ್ತು. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅಲ್ಲಿ ಇನ್ನೂ ಒಂದು ಸಮುದ್ರವಿತ್ತು, ಅದು ಬುದಯ್ಯ ರಸ್ತೆಯ ವಿಲ್ಲಾ ಒಂದರ ಅಡುಗೆಮನೆಯ ಹಿಂದಿತ್ತು ಎಂಬುದು ಮಾತ್ರ ಭೂಗೋಳ ಬರೆಯುವವರ ಗಮನಕ್ಕೆ ಬಂದಿಲ್ಲ. ಅದನ್ನು ನಿರ್ಮಿಸಿದವನು ನಮ್ಮ ಮಹಾಬಲ ಸುವರ್ಣ. ದೇವರು ಸಮುದ್ರ ಮಾಡುವಾಗ ದಡದಲ್ಲಿ ಅವನ ಅತ್ತೆ ನಿಂತಿರಲಿಲ್ಲ. ಮಹಾಬಲನ ಅತ್ತೆ ನಿಂತಿದ್ದರು. ಇಬ್ಬರಲ್ಲಿ ಯಾರ ಕೆಲಸ ಹೆಚ್ಚು ಕಷ್ಟದ್ದು ಎಂಬುದನ್ನು ಓದುಗರೇ ತೀರ್ಮಾನಿಸಲಿ.

ನಾನೂ ಮಹಾಬಲನೂ ಮನಾಮಾದಲ್ಲಿ ಒಂದೇ ಕಂಪನಿಯ ಒಂದೇ ಕೋಣೆಯಲ್ಲಿ ಕೂರುತ್ತಿದ್ದೆವು. ಹಡಗುಗಳಿಗೆ ಅಕ್ಕಿ, ಹಗ್ಗ, ಬಣ್ಣ, ಸಾಬೂನು ಒದಗಿಸುವ ಕಂಪನಿ. ನಾನು ಟೈಪಿಸ್ಟ್, ಅವನು ಸ್ಟೋರ್ಸ್ ಕ್ಲಾರ್ಕ್. ಆ ವರ್ಷ ಕಂಪನಿ ಕಡಲಂಚಿನ ಹಿದ್‌ನಲ್ಲಿ ಹೊಸ ಗೋದಾಮು ಕಟ್ಟಿಸಿತ್ತು. ಗೋದಾಮಿನೊಳಗೆ ಒಂದು ಗಾಜಿನ ಕ್ಯಾಬಿನ್, ಕ್ಯಾಬಿನ್ನಿನಲ್ಲಿ ಎಸಿ, ಎಸಿಯ ಕೆಳಗೆ ತಿರುಗುವ ಕುರ್ಚಿ. ಕುರ್ಚಿಯ ಮೇಲೆ ಯಾರು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಮಹಾಬಲ ಎರಡು ಸಲ ಯಾವುದೋ ನೆಪ ಮಾಡಿಕೊಂಡು ಹಿದ್‌ಗೆ ಹೋಗಿ ಆ ಕುರ್ಚಿಯ ಮೇಲೆ ಕೂತು, ಒಂದು ಸುತ್ತು ತಿರುಗಿ ಬಂದಿದ್ದ. ನಮ್ಮ ಕೋಣೆಯಲ್ಲೇ ಕೂರುತ್ತಿದ್ದ ಜೊಕಿಮ್ ಡಿಸೋಜನಿಗೂ ಅದರ ಮೇಲೆ ಕಣ್ಣಿತ್ತು. ಆದರೆ ಅವನ ಭಾರಿ ಮೈಗೆ ಆ ಕುರ್ಚಿ ಹಿಡಿಸಲಿಕ್ಕಿಲ್ಲ ಎಂದು ಮಹಾಬಲ ಧೈರ್ಯವಾಗಿದ್ದ.

ಕುರ್ಚಿ ಕೊಡುವ ಅಧಿಕಾರ ಇದ್ದದ್ದು ನಮ್ಮ ಮ್ಯಾನೇಜರ್ ಕೆವಿನ್ ದೊರೆಗೆ. ಅವನು ಆಸ್ಟ್ರೇಲಿಯಾದವನು. ತನ್ನ ವಿಲ್ಲಾದ ಈಜುಕೊಳಕ್ಕೆ ಅವನು ಊರಿನಿಂದ ಒಂದು ಯಂತ್ರ ತರಿಸಿದ್ದ. ಉಳಿದ ಸಾಹೇಬರೆಲ್ಲ ಕೊಳಕ್ಕೆ ಡಬ್ಬಿಯಿಂದ ಕ್ಲೋರಿನ್ ಸುರಿಯುತ್ತಿದ್ದರೆ ಇವನು ನೀರಿಗೆ ಒಂದಿಷ್ಟು ಉಪ್ಪು ಹಾಕುತ್ತಿದ್ದ. ನೀರು ಯಂತ್ರದೊಳಗಿನ ತಟ್ಟೆಗಳ ನಡುವೆ ಹಾದು ಹೋಗುವಾಗ ಕರೆಂಟು ತಗುಲಿ ಆ ಉಪ್ಪಿನಿಂದಲೇ ಕ್ಲೋರಿನ್ ಹುಟ್ಟುತ್ತಿತ್ತು. ನೀರು ಕನ್ನಡಿಯಂತಿರುತ್ತಿತ್ತು, ವಾಸನೆಯಿಲ್ಲ, ಕಣ್ಣುರಿಯಿಲ್ಲ.

ಜುಲೈ ಬಂತೆಂದರೆ ಬಹ್ರೈನಿನಲ್ಲಿ ಸಾಮರ್ಥ್ಯವಿದ್ದವರು ಊರು ಬಿಡುತ್ತಾರೆ. ಕೆವಿನ್ ದೊರೆಯೂ ರಜೆಗೆ ಹೊರಟ. ವಿಲ್ಲಾದಲ್ಲಿ ಇದ್ದು ನೋಡಿಕೊಳ್ಳಲು ಮಹಾಬಲನನ್ನು ಕರೆದ. ಯಂತ್ರದ ಮುಂದೆ ನಿಲ್ಲಿಸಿ ಹೇಳಿದ.

"ಮಹಾ, ಹಸಿರು ದೀಪ ಉರಿಯುತ್ತಿದ್ದರೆ ಎಲ್ಲ ಸರಿ ಇದೆ ಅಂತ. ಕೆಂಪು ಉರಿದರೆ ಜೊಕಿಮ್‌ಗೆ ಹೇಳು, ಅವನು ಮೆಕ್ಯಾನಿಕ್ಕನನ್ನು ಕಳಿಸುತ್ತಾನೆ. ಹದಿನೈದು ದಿನಕ್ಕೊಮ್ಮೆ ಈ ತಟ್ಟೆಗಳನ್ನು ಹೊರಗೆ ತೆಗೆದು, ಈ ಬಾಟ್ಲಿಯ ಆಸಿಡ್ಡಿನಲ್ಲಿ ಅದ್ದಿ, ಅಂಟಿದ ಬಿಳಿ ಹಕ್ಕಳೆ ತೊಳೆ. ಬೇರೇನೂ ಮಾಡಬೇಡ. ಇದು ಬುದ್ಧಿವಂತ ಯಂತ್ರ. ನೀನು ಬುದ್ಧಿವಂತನಾಗುವ ಅಗತ್ಯ ಇಲ್ಲ."

"ಎಸ್ ಸರ್," ಎಂದ ಮಹಾಬಲ.

"ನಾನು ಬರುವಾಗ ಕೊಳದ ತಳದಲ್ಲಿರುವ ನೀಲಿ ಡಾಲ್ಫಿನ್ ಕಾಣಬೇಕು. ಕಂಡರೆ ಹಿದ್‌ನ ಕುರ್ಚಿ ನಿನ್ನದು."

ತಳದಲ್ಲಿ ನಿಜವಾಗಿಯೂ ಟೈಲ್ಸಿನ ಒಂದು ಡಾಲ್ಫಿನ್ ಇತ್ತು. ಮಹಾಬಲ ಅದಕ್ಕೆ ಮನಸ್ಸಿನಲ್ಲೇ ಕೈಮುಗಿದ.

ಇಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ, ಕುರ್ಚಿ ಇರುತ್ತಿತ್ತು. ಆದರೆ ಮನಾಮಾದ ಎರಡು ಕೋಣೆಯ ಫ್ಲಾಟಿನಿಂದ ವಿಲ್ಲಾಕ್ಕೆ ಹೋದ ಮನುಷ್ಯ ಸುಮ್ಮನಿರುವುದು ಹೇಗೆ? "ಕಂಪನಿ ವಿಲ್ಲಾ ಕೊಟ್ಟಿದೆ" ಎಂದು ಎಲ್ಲರಿಗೂ ಫೋನಾಯಿತು. ಎಷ್ಟು ದಿನಕ್ಕೆ ಎಂದು ಅವನು ಹೇಳಲಿಲ್ಲ, ಕೇಳುವುದು ಸಭ್ಯತೆಯಲ್ಲ ಎಂದು ನಾವೂ ಕೇಳಲಿಲ್ಲ. ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅವನ ಅತ್ತೆ ಅಕ್ಕು, ಹೆಂಡತಿ ಜಯಶೀಲಾ, ಮೂರು ಮೂಟೆ ಕುಚ್ಚಲಕ್ಕಿ, ಇಡ್ಲಿ ಬೇಯಿಸುವ ತೊಂದುರ, ಎಲ್ಲ ಸೇರಿ ಬುದಯ್ಯ ರಸ್ತೆಗೆ ಸ್ಥಳಾಂತರವಾಯಿತು.

ಮುಂದಿನ ವಾರ ಜೊಕಿಮ್ ಮತ್ತು ಅವನ ಹೆಂಡತಿ ಪೆಟ್ರೊನಿಲ್ಲಾ ಚಹಾಕ್ಕೆ ಬಂದರು. ಪೆಟ್ರೊನಿಲ್ಲಾ ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನರ್ಸ್. ನಾನೂ ಇದ್ದೆ. ತಮ್ಮ ಕಂಪೌಂಡಿನಲ್ಲೂ ಒಂದು ಪೂಲ್ ಉಂಟು, ಆದರೆ ಕ್ಲೋರಿನ್ನಿನ ವಾಸನೆ ಮೂಗಿಗೆ ಬಡಿಯುತ್ತದೆ ಎಂದು ಜೊಕಿಮ್ ಹೇಳಿದ. ಹೇಳಿಕೊಂಡದ್ದು ದೂರಿನಂತಿದ್ದರೂ ಒಳಗಿದ್ದದ್ದು ಪೂಲ್ ಉಂಟು ಎಂಬ ಸುದ್ದಿ.

ಮಹಾಬಲ ಬಿಸ್ಕಿಟನ್ನು ಚಹಾದಲ್ಲಿ ಅದ್ದುತ್ತಾ, "ಕ್ಲೋರಿನ್ ಪೂಲು ಈಗ ಎಲ್ಲ ಕಡೆ ಉಂಟು ಪೊರ್ಬುಗಳೇ," ಎಂದ, ಊರಿನಲ್ಲಿ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಹಾಗೆ. "ನಮ್ಮದು ಉಪ್ಪುನೀರಿನದ್ದು. ಸಮುದ್ರದ ಹಾಗೆ."

"ಸಮುದ್ರದ ಹಾಗೆಯಾ?"

"ಹಾಗೆ ಎಂತ, ಸಮುದ್ರವೇ ಅಂತ ಇಟ್ಟುಕೊಳ್ಳಿ."

ಜೊಕಿಮ್ ಇಟ್ಟುಕೊಳ್ಳಲಿಲ್ಲ, ಎಲ್ಲರಿಗೂ ಹಂಚಿದ. ಮರುದಿನ ಸಂಜೆಯೊಳಗೆ ಮನಾಮಾದಲ್ಲಿದ್ದ ನಮ್ಮ ಕರಾವಳಿಯವರ ಮನೆಮನೆಗೆ ಸುದ್ದಿ ತಲುಪಿತು, ಮಹಾಬಲನ ಮನೆಯಲ್ಲಿ ಸಮುದ್ರ ಉಂಟು ಎಂದು. ರಾತ್ರಿಯ ಊಟಕ್ಕೆ ಮೊದಲು ಆಶಾಲತಾ ಅವರ ಫೋನ್ ಬಂತು. ಆಶಾಲತಾ ನಮ್ಮ ಸಂಘದ ಮಹಿಳಾ ವಿಭಾಗದ ಅಧ್ಯಕ್ಷೆ. ಅವರು ಫೋನ್ ಮಾಡಿದರೆ ಆಚೆಯವರು ಏನೋ ಒಂದಕ್ಕೆ ಒಪ್ಪಿಕೊಂಡಿದ್ದಾರೆ ಎಂದೇ ಅರ್ಥ.

"ಮಹಾಬಲಣ್ಣ, ನಿಮ್ಮಲ್ಲಿ ಸಮುದ್ರ ಉಂಟಂತೆ ಹೌದಾ?"

ಇಲ್ಲ ಎನ್ನಲು ಮಹಾಬಲನಿಗೆ ಅದೊಂದು ಅವಕಾಶ ಇತ್ತು. "ಉಂಟು," ಎಂದ.

"ದೇವರು ದೊಡ್ಡವನು. ಬರುವ ವಾರ ಆಟಿ ಅಮಾವಾಸ್ಯೆ ಅಲ್ವಾ. ಸಮುದ್ರ ಸ್ನಾನ ಮಾಡದೆ ಎಷ್ಟು ವರ್ಷ ಆಯ್ತು ನಮಗೆಲ್ಲ. ನಾನು ಬಸ್ಸಿಗೆ ಹೇಳ್ತೇನೆ."

ತುಳುವರ ಆಟಿ ತಿಂಗಳಿನ, ಎಂದರೆ ಆಷಾಢದ, ಅಮಾವಾಸ್ಯೆಯಂದು ಬೆಳಗ್ಗೆ ಕಡಲಲ್ಲಿ ಮುಳುಗು ಹಾಕುವುದು ನಮ್ಮ ಕಡೆಯ ಪದ್ಧತಿ. ಸುತ್ತ ಸಮುದ್ರವೇ ಇರುವ ದೇಶದಲ್ಲಿ ಅದಕ್ಕೆ ಮಹಾಬಲನ ಅಡುಗೆಮನೆಯ ಹಿಂದೆ ಯಾಕೆ ಹೋಗಬೇಕು ಎಂದು ಓದುಗರು ಕೇಳಬಹುದು. ಅವರು ಬಹ್ರೈನಿನ ಸಮುದ್ರ ನೋಡಿಲ್ಲ. ಅದರಲ್ಲಿ ಅರ್ಧ ಮೈಲು ನಡೆದರೂ ನೀರು ಮೊಣಕಾಲು ದಾಟುವುದಿಲ್ಲ. ಮುಳುಗಬೇಕಾದರೆ ಮಲಗಬೇಕು. ಸೀರೆಯುಟ್ಟ ಹೆಂಗಸರ ದಂಡೊಂದು ಹಾಗೆ ಮಲಗಿದರೆ ಕಾರುಗಳು ನಿಲ್ಲುತ್ತವೆ. ಗೋಡೆಯ ಮರೆ, ಬಟ್ಟೆ ಬದಲಿಸಲು ಎಸಿ ರೂಮು, ಮುಳುಗಿ ಎದ್ದ ಕೂಡಲೇ ಬಿಸಿ ಕಾಫಿ ಇರುವ ಸಮುದ್ರ ಈ ಮೊದಲು ಯಾರಿಗೂ ಸಿಕ್ಕಿರಲಿಲ್ಲ.

ಎರಡು ದಿನ ಬಿಟ್ಟು ಆಶಾಲತಾ ಸಮುದ್ರದ ತಪಾಸಣೆಗೆ ಬಂದರು. ಮಹಾಬಲ ಎಲ್ಲ ತೋರಿಸಿದ. ಪಂಪು ತೋರಿಸಿದ, ಹಸಿರು ದೀಪ ತೋರಿಸಿದ, ಡಾಲ್ಫಿನ್ ತೋರಿಸಿದ. ಆಗ ಅಕ್ಕು ಅತ್ತೆ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದರು. ಅವರು ಹೆಜಮಾಡಿಯ ಕಡಲಕರೆಯಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಅಜ್ಜಿಯಾದವರು. ಸಮುದ್ರದ ವಿಷಯದಲ್ಲಿ ಅವರ ಮುಂದೆ ಬಾಯಿ ತೆರೆಯುವ ಯೋಗ್ಯತೆ ಅಲ್ಲಿ ಯಾರಿಗೂ ಇರಲಿಲ್ಲ. ಒಂದು ಬೊಗಸೆ ನೀರು ತೆಗೆದು, ನಾಲಗೆಯ ತುದಿಗೆ ತಾಗಿಸಿ, ಕಣ್ಣು ಮುಚ್ಚಿದರು. ನಾವೆಲ್ಲ ಕಾದೆವು.

"ಸಪ್ಪೆ," ಎಂದರು.

"ಸಪ್ಪೆಯಾ?" ಎಂದರು ಆಶಾಲತಾ.

"ಗಂಜಿಗೆ ಇದಕ್ಕಿಂತ ಹೆಚ್ಚು ಉಪ್ಪು ಹಾಕ್ತೇವೆ ನಾವು. ಇದು ಸಮುದ್ರ ಅಲ್ಲ, ಬಾವಿ."

ಅತ್ತೆಯ ತೀರ್ಪು ವೈಜ್ಞಾನಿಕವಾಗಿ ಸರಿಯಾಗಿತ್ತು. ಆ ಯಂತ್ರಕ್ಕೆ ಬೇಕಾದದ್ದು ಸಮುದ್ರದ ಉಪ್ಪಿನಲ್ಲಿ ಹತ್ತರಲ್ಲೊಂದು ಪಾಲು. ಆದರೆ ಆ ಗಳಿಗೆಯಲ್ಲಿ ಮಹಾಬಲನಿಗೆ ಕಂಡದ್ದು ವಿಜ್ಞಾನವಲ್ಲ, ಆಶಾಲತಾ ಅವರ ಮುಖ. ಆ ಮುಖ ಆಗಲೇ ಬೇರೆಯವರಿಗೆ ಫೋನ್ ಮಾಡುತ್ತಿತ್ತು.

"ಬೇಸಿಗೆ ಅಲ್ವಾ, ಉಪ್ಪು ಸ್ವಲ್ಪ ಇಳಿದುಂಟು," ಎಂದ ಮಹಾಬಲ. "ಅಮಾವಾಸ್ಯೆಗೆ ಸರಿ ಆಗ್ತದೆ."

"ಕಡಲು ಉಬ್ಬಿ ಭರತ ಬರುವಾಗ ಹೆಚ್ಚಾಗ್ತದಾ?" ಎಂದು ಆಶಾಲತಾ ಕೇಳಿದರು.

"ಹಾಂ, ಭರತಕ್ಕೆ."

ಭರತ ಮರುದಿನವೇ ಒಂದು ಪಿಕಪ್ಪಿನಲ್ಲಿ ಬಂತು. ಮೀನು ಒಣಗಿಸುವವರಿಗೆ ಮಾರುವ ಕಲ್ಲುಪ್ಪಿನ ಚೀಲಗಳು, ಪಿಕಪ್ಪಿನ ತುಂಬ. ಪಿಕಪ್ ಜೊಕಿಮನದ್ದು. ಚೀಲ ಇಳಿಸುವಾಗ ಜೊಕಿಮ್ ಒಮ್ಮೆ ಕೇಳಿದ.

"ಅಲ್ಲ ಮಹಾಬಲ, ದೊರೆ ಬೇರೇನೂ ಮಾಡ್ಬೇಡ ಅಂತ ಹೇಳಿದ್ದಲ್ವಾ?"

"ಬೇರೇನು ಮಾಡ್ತಿದ್ದೇನೆ? ಉಪ್ಪಿನ ಪೂಲಿಗೆ ಉಪ್ಪು ಹಾಕುದು. ಸಕ್ಕರೆ ಹಾಕಿದ್ರೆ ಬೇರೆ."

ಜೊಕಿಮ್ ಮುಂದಿನ ಚೀಲ ಇಳಿಸಿದ. ಮಹಾಬಲ ಚೀಲದ ಬಾಯಿ ಬಿಚ್ಚಿ ಸುರಿಯುತ್ತಾ ಹೋದ, ನಾನು ಬಿದಿರಿನ ಕೋಲಿನಿಂದ ಕಲಕುತ್ತಾ ಹೋದೆ. ಅಕ್ಕು ಅತ್ತೆ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು, ಸಾರಿನ ರುಚಿ ನೋಡುವಂತೆ ಸೌಟಿನಲ್ಲಿ ನೀರು ತೆಗೆದು ನೋಡುತ್ತಿದ್ದರು. "ಇನ್ನೂ ಆಗ್ಬೇಕು." "ಇನ್ನೂ ಸ್ವಲ್ಪ." "ಈಗ ಉಚ್ಚಿಲದ ಕಡಲಿನ ಹತ್ತಿರ ಬಂತು." ಪಿಕಪ್ ಮತ್ತೊಂದು ಸಲ ಹೋಗಿ ಬಂತು. ಸಂಜೆಯ ಹೊತ್ತಿಗೆ ಅತ್ತೆ ಸೌಟಿನ ನೀರನ್ನು ಉಗುಳಿ, ಮುಖ ಹಿಂಡಿ, ಬಹಳ ಸಂತೋಷದಿಂದ, "ಹೆಜಮಾಡಿ," ಎಂದರು.

ಅಷ್ಟರಲ್ಲಿ ಯಂತ್ರದ ಮೇಲೆ ಕೆಂಪು ದೀಪ ಹತ್ತಿತು. ಆಮೇಲೆ ಅದು ಕೀ ಕೀ ಎಂದು ಕೂಗಿ, ತನ್ನಷ್ಟಕ್ಕೆ ತಾನೇ ನಿಂತಿತು. ಉಪ್ಪು ಮಿತಿ ಮೀರಿದರೆ ತಟ್ಟೆ ಸುಡಬಾರದೆಂದು ಅದು ಬಂದಾಗುತ್ತದೆ ಎಂದು ಆಮೇಲೆ ನಮಗೆ ತಿಳಿಯಿತು.

"ಮೆಕ್ಯಾನಿಕ್ಕನಿಗೆ ಹೇಳುವುದಾ?" ಎಂದು ಜೊಕಿಮ್ ಕೇಳಿದ.

"ಬೇಡ. ಇದರ ಕೆಲಸ ಮುಗಿಯಿತು. ಸಮುದ್ರಕ್ಕೆ ಯಾರಾದ್ರೂ ಕ್ಲೋರಿನ್ ಹಾಕ್ತಾರಾ?" ಎಂದು ಮಹಾಬಲ ಸ್ವಿಚ್ಚನ್ನೂ ಆರಿಸಿದ. ಎಷ್ಟೋ ಮಂದಿ ತಪ್ಪು ಮಾಡುವ ಮೊದಲು ಒಮ್ಮೆ ಯೋಚಿಸುತ್ತಾರೆ. ಮಹಾಬಲನಿಗೆ ಅಂಥ ತೊಂದರೆ ಇರಲಿಲ್ಲ.

ಆಟಿ ಅಮಾವಾಸ್ಯೆಯ ಬೆಳಗ್ಗೆ, ಸೂರ್ಯ ಇನ್ನೂ ಸರಿಯಾಗಿ ಏಳುವ ಮೊದಲೇ, ಬುದಯ್ಯ ರಸ್ತೆಯ ಆ ಸಣ್ಣ ಓಣಿಗೆ ಎರಡು ಬಸ್ಸು ಬಂದವು. ಹಿಂದಿನಿಂದ ಕಾರುಗಳು. ಅವಾಲಿಯಿಂದ ತೈಲ ಕಂಪನಿಯವರು ಬಂದರು, ಹಿದ್‌ನಿಂದ ಬಂದರು, ಮುಹರಖ್‌ನಿಂದ ಬಂದರು. ಎಲ್ಲರಿಗೂ ಎಂಟು ಗಂಟೆಗೆ ಆಫೀಸು, ಆದ್ದರಿಂದ ಎಲ್ಲರಿಗೂ ಅವಸರ. ತಲೆಗೆ ಊರಿನ ತೆಂಗಿನೆಣ್ಣೆ ಹಚ್ಚಿಕೊಂಡು, ಮುಖಕ್ಕೆ ಅರಸಿನ ಬಳಿದುಕೊಂಡು, ಹೂವು, ಕುಂಕುಮ, ಹಾಲು, ವೀಳ್ಯದೆಲೆ ಹಿಡಿದುಕೊಂಡು ಬಂದಿದ್ದರು. ಸಮುದ್ರರಾಜನಿಗೆ ಅದನ್ನೆಲ್ಲ ಒಪ್ಪಿಸಿದರು. ಡಾಲ್ಫಿನ್ನಿನ ಮೂಗಿನ ನೇರಕ್ಕೆ ಒಂದು ತೆಂಗಿನಕಾಯಿ ತೇಲತೊಡಗಿತು.

ಮೊದಲ ಮುಳುಗು ಅಕ್ಕು ಅತ್ತೆಯದ್ದು. ಅವರು ಎದ್ದು ಬಂದು, ಮುಖ ಒರೆಸಿಕೊಂಡು ಹೇಳಿದರು.

"ಉಪ್ಪು ಸರಿ ಉಂಟು ಅಳಿಯರೇ. ಆದರೆ ತೆರೆ ಇಲ್ಲ."

"ತೆರೆ?"

"ತೆರೆ ಇಲ್ಲದ್ದು ಎಂತ ಸಮುದ್ರ? ಕೆರೆಯಾಗ್ತದೆ."

ನೀರಿಗಿಳಿದವರೆಲ್ಲ ತಡೆದು ನಿಂತರು. ಗಡಿಯಾರ ನೋಡಿಕೊಂಡರು. ಇಷ್ಟು ದೂರ ಬಂದು ಕೆರೆಯಲ್ಲಿ ಮುಳುಗಿ ಆಫೀಸಿಗೆ ಹೋಗಲು ಯಾರಿಗೂ ಮನಸ್ಸಿರಲಿಲ್ಲ. ಆಗ ಎಲ್ಲರ ಕಣ್ಣು ನಿಧಾನವಾಗಿ ಜೊಕಿಮನ ಕಡೆ ತಿರುಗಿತು. ಅವನು ಕಾಫಿ ಕುಡಿಯಲು ಬಂದು ಮೂಲೆಯಲ್ಲಿ ನಿಂತಿದ್ದ.

"ನಾನಾ?" ಎಂದ ಜೊಕಿಮ್. "ನನಗೆ ಈ ಅಮಾವಾಸ್ಯೆ ಎಲ್ಲ ಇಲ್ಲ ಮಾರಾಯ್ರೆ. ನಮ್ಮದು ಮೇರಿಯಮ್ಮನ ಮೊಂತಿ ಹಬ್ಬ."

"ನೀವು ಸ್ನಾನ ಮಾಡುದು ಬೇಡ ಜೊಕಿಮ್, ಬರೀ ಹಾರಿ," ಎಂದರು ಆಶಾಲತಾ.

ಪೆಟ್ರೊನಿಲ್ಲಾ, "ಹಾರಿ, ಡಾಕ್ಟ್ರು ಹೇಗೂ ವ್ಯಾಯಾಮ ಮಾಡ್ಲಿಕ್ಕೆ ಹೇಳಿದ್ದಾರೆ," ಎಂದಳು. ಜೊಕಿಮ್ ಅಂಗಿ ಕಳಚಿ ಹಾರಿದ. ನೀರು ಈ ದಡದಿಂದ ಆ ದಡಕ್ಕೆ ಎದ್ದು ಹೋಯಿತು. ಹೆಂಗಸರು ಹರ ಹರ ಎಂದು ಮುಳುಗಿದರು. ಒಂದು ಗುಂಪು ಎದ್ದು ಇನ್ನೊಂದು ಗುಂಪು ಇಳಿಯುವಾಗ ಜೊಕಿಮ್ ಮತ್ತೆ ಹಾರಿದ. ಕೊನೆಕೊನೆಗೆ ಅವನಿಗೇ ಅದರಲ್ಲಿ ಒಂದು ಭಕ್ತಿ ಬಂದಂತಿತ್ತು.

ಈ ಸಂಭ್ರಮದ ನಡುವೆ ಗೇಟಿನಲ್ಲಿ ಪೊಲೀಸ್ ಜೀಪು ನಿಂತಿತು. ಓಣಿಯಲ್ಲಿ ಕಾರು ಹೋಗಲು ಜಾಗವಿಲ್ಲ ಎಂದು ಯಾರೋ ದೂರು ಕೊಟ್ಟಿದ್ದರು. ಪೊಲೀಸಿನವನು ಒಳಗೆ ಬಂದು ಮನೆಯವರು ಯಾರು ಎಂದು ಅರಬ್ಬಿಯಲ್ಲಿ ಕೇಳಿದ. ಸ್ವಲ್ಪ ಮೊದಲು ಎಲ್ಲರಿಗೂ ನಮ್ಮ ವಿಲ್ಲಾ ನಮ್ಮ ವಿಲ್ಲಾ ಎನ್ನುತ್ತಿದ್ದ ಮಹಾಬಲ ಒಮ್ಮೆಲೇ ಬಾಡಿಗೆದಾರನ ಕೆಲಸದವನಾದ. ಅದೃಷ್ಟಕ್ಕೆ ಪಕ್ಕದ ಮನೆಯ ಅಬ್ಬಾಸ್ ಗೋಡೆಯ ಆಚೆಯಿಂದ ನೋಡುತ್ತಿದ್ದ. ವಿಲ್ಲಾದ ಮಾಲೀಕ ಅವನೇ. ಹಿಂದೆ ಅವಾಲಿಯಲ್ಲಿ ತೈಲ ಕಂಪನಿಯ ಕೆಲಸದಲ್ಲಿದ್ದು ನಿವೃತ್ತನಾಗಿ, ಈಗ ಆಡು ಸಾಕಿಕೊಂಡು, ಅವುಗಳಿಗೆ ಕುದುರೆಮೆಂತೆ ಸೊಪ್ಪು ಬೆಳೆಸಿಕೊಂಡು ಇದ್ದ. ನಮ್ಮೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದ, ಎಲ್ಲರನ್ನೂ ಸದೀಕ್, ಅಂದರೆ ಗೆಳೆಯ, ಎನ್ನುತ್ತಿದ್ದ.

"ಸದೀಕ್, ಇವನು ಕೇಳುತ್ತಿದ್ದಾನೆ, ಇಷ್ಟು ಜನ ಯಾಕೆ?"

"ಸಮುದ್ರ ಸ್ನಾನ," ಎಂದ ಮಹಾಬಲ.

ಅಬ್ಬಾಸ್ ಅದನ್ನು ಅರಬ್ಬಿಗೆ ತಿರುಗಿಸಿದ. ಪೊಲೀಸಿನವನು ಮೂರು ದಿಕ್ಕಿಗೆ ಕೈ ತೋರಿಸಿ ಏನೋ ಹೇಳಿದ.

"ಸಮುದ್ರ ಅಲ್ಲಿದೆ, ಅಲ್ಲಿದೆ, ಅಲ್ಲಿಯೂ ಇದೆ ಎನ್ನುತ್ತಾನೆ," ಎಂದ ಅಬ್ಬಾಸ್.

"ಇಲ್ಲಿಯೂ ಉಂಟು ಅಂತ ಹೇಳಿ," ಎಂದ ಮಹಾಬಲ.

ಪೊಲೀಸಿನವನು ಕೊಳದ ಬಳಿ ಬಗ್ಗಿ, ಬೆರಳು ಅದ್ದಿ, ನಾಲಗೆಗಿಟ್ಟ. ಅವನ ಮುಖವೂ ಅಕ್ಕು ಅತ್ತೆಯ ಮುಖದಂತೆಯೇ ಹಿಂಡಿಕೊಂಡಿತು. "ವಲ್ಲಾ, ಬಹರ್," ಎಂದ. ನಿಜವಾಗಿ ಸಮುದ್ರವೇ ಹೌದು ಎಂದು ಸರ್ಕಾರವೇ ಒಪ್ಪಿದಂತಾಯಿತು. ಕಾರು ಸರಿಸಿ ಎಂದಷ್ಟೇ ಹೇಳಿ, ಕಾಫಿ ಕುಡಿದು ಹೋದ. ಆ ದಿನ ಮಹಾಬಲನ ಎದೆ ಎಷ್ಟು ಉಬ್ಬಿತ್ತೆಂದರೆ ಆಫೀಸಿನಲ್ಲಿ ಅವನ ಅಂಗಿಯ ಗುಂಡಿ ಹಾಕಲಾಗಲಿಲ್ಲ.

ಯಂತ್ರ ನಿಂತ ಕೊಳ, ನಲವತ್ತು ದಾಟಿದ ಬಿಸಿಲು, ಅದರಲ್ಲಿ ಎರಡು ಬಸ್ಸಿನ ತೆಂಗಿನೆಣ್ಣೆ. ಮರುದಿನ ನೀರು ಮಬ್ಬಾಯಿತು. ಅದರ ಮರುದಿನ ಡಾಲ್ಫಿನ್ ಬಾಲದ ಕಡೆಯಿಂದ ಮಾಯವಾಗತೊಡಗಿತು. ಮೂರನೆಯ ದಿನಕ್ಕೆ ನೀರು ಬಸಳೆಸೊಪ್ಪಿನ ಪದಾರ್ಥದ ಬಣ್ಣಕ್ಕೆ ತಿರುಗಿ, ಮೇಲೆ ಅರಸಿನದ ಹೊಳಪು ಕಟ್ಟಿ, ಸೇವಂತಿಗೆಯ ದಳಗಳು ತೇಲುತ್ತಿದ್ದವು.

"ಸಮುದ್ರ ಹೀಗೆ ಹಸಿರಾಗ್ತದೆ ಒಮ್ಮೊಮ್ಮೆ," ಎಂದರು ಅಕ್ಕು ಅತ್ತೆ ಸಮಾಧಾನದಿಂದ. "ಆಟಿಯಲ್ಲಿ ಕಡಲು ಹಾಗೆಯೇ."

ಆಗಲೇ ಫೋನ್ ಹೊಡೆಯಿತು. ಕೆವಿನ್ ದೊರೆ ಬ್ರಿಸ್ಬೇನಿನಿಂದ ಮಾತಾಡುತ್ತಿದ್ದ. ಹಿದ್‌ನ ಗೋದಾಮು ಬೇಗ ತೆರೆಯಬೇಕಾದ್ದರಿಂದ ಈ ವಾರವೇ ಬರುತ್ತಿದ್ದೇನೆ ಎಂದ. ಡಾಲ್ಫಿನ್ ಹೇಗಿದೆ ಎಂದೂ ಕೇಳಿದ. "ವೆರಿ ಫೈನ್ ಸರ್," ಎಂದು ಹೇಳಿ ಫೋನ್ ಇಟ್ಟ ಮಹಾಬಲನ ಮುಖ ನೋಡಿ ನನಗೂ ನಿಜವಾಗಿ ಪಾಪ ಅನಿಸಿತು. ಅವನು ಆ ಕುರ್ಚಿಯನ್ನು ಅಷ್ಟು ಬಯಸಿದ್ದ. ಹದಿನಾರು ವರ್ಷ ಮರದ ಸ್ಟೂಲಿನ ಮೇಲೆ ಕೂತ ಮನುಷ್ಯ.

ಯಂತ್ರವನ್ನು ಮತ್ತೆ ಹಚ್ಚಿದ. ಕೆಂಪು ದೀಪ ಹತ್ತಿ, ಕೀ ಕೀ ಎಂದು, ನಿಂತಿತು. ಹತ್ತು ಸಲ ಹಚ್ಚಿದ, ಹತ್ತು ಸಲವೂ ಅದಕ್ಕೆ ಅದೇ ಅಭಿಪ್ರಾಯವಿತ್ತು. ಜಯಶೀಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಉಪ್ಪು ಹೆಚ್ಚಾದ್ರೆ ನೀರು ಹಾಕ್ಬೇಕು. ಸಾರಿಗೆ ಹಾಗೇ ಮಾಡುದಲ್ವಾ?" ಎಂದಳು.

ಅಷ್ಟು ದಿನಗಳಲ್ಲಿ ಆ ಮನೆಯಲ್ಲಿ ಕೇಳಿಬಂದ ಏಕೈಕ ಸರಿಯಾದ ಮಾತು ಅದು. ಅದನ್ನು ಜಾರಿಗೆ ತಂದವನು ಮಹಾಬಲ ಎಂಬುದಷ್ಟೇ ಅದರಲ್ಲಿದ್ದ ದೋಷ. ಹೊಸ ನೀರು ಬಿಡಬೇಕಾದರೆ ಹಳೆಯದು ಹೋಗಬೇಕು ಎಂದು ಅವನು ಕೊಳದ ತೂಬು ತೆರೆದ. ನೀರು ಗೋಡೆಯ ಬುಡದ ಚರಂಡಿಗೆ ಹೋಯಿತು. ಚರಂಡಿ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಲು ಅವನಿಗೆ ಪುರುಸೊತ್ತಿರಲಿಲ್ಲ. ಅರ್ಧ ಕೊಳ ಖಾಲಿಯಾದ ಮೇಲೆ ನಲ್ಲಿ ತಿರುಗಿಸಿದ. ಆಗಸ್ಟಿನ ನಲ್ಲಿ, ಒಂದು ನೂಲಿನಷ್ಟು ನೀರು ಬಂತು. ಅದನ್ನು ಅತ್ತೆ ಬಾಯಿಗಿಟ್ಟು ನೋಡಿ, "ಇದೂ ಉಪ್ಪು," ಎಂದರು. ಬಹ್ರೈನಿನ ಆ ಕಾಲದ ನಲ್ಲಿನೀರು ಹಾಗೇ ಇತ್ತು. ಸಿಹಿನೀರಿನ ಟ್ಯಾಂಕರಿಗೆ ಫೋನ್ ಮಾಡಿದರೆ ಮೂರು ದಿನ ಕಾಯಿ ಎಂದರು.

ಮರುದಿನ ಅಬ್ಬಾಸ್ ಗೇಟಿನೊಳಗೆ ಬಂದ. ಅವನ ಕೈಯಲ್ಲಿ ಉಪ್ಪುನೀರಿಗೆ ಸುಟ್ಟುಹೋದಂತಿದ್ದ ಒಂದು ಕಟ್ಟು ಕುದುರೆಮೆಂತೆ ಸೊಪ್ಪಿತ್ತು. ಹಿಂದಿನಿಂದ ಒಂದು ಆಡೂ ಬಂದಿತ್ತು, ಸಾಕ್ಷಿ ಹೇಳಲಿಕ್ಕೆ.

"ಸದೀಕ್, ಬಹ್ರೈನ್ ಅಂದರೆ ಎರಡು ಸಮುದ್ರ ಅಂತ ಅರ್ಥ. ನನ್ನ ಅಜ್ಜ ಹೇಳುತ್ತಿದ್ದ, ಒಂದು ಉಪ್ಪಿನದು, ಇನ್ನೊಂದು ಅದರ ಅಡಿಯಲ್ಲಿ ಉಕ್ಕುವ ಸಿಹಿನೀರಿನದು. ಮೂರನೆಯದು ಯಾವಾಗ ಬಂತು?"

ಮಹಾಬಲ ತಲೆ ತಗ್ಗಿಸಿದ. ಕಟ್ಟನ್ನು ಅವನ ಕೈಗಿಟ್ಟು ಅಬ್ಬಾಸ್ ಹೇಳಿದ. "ನಾನು ಕೋಪ ಮಾಡುವುದಿಲ್ಲ. ನಿನ್ನ ದೊರೆ ಮಾಡುತ್ತಾನೆ. ಒಂದು ತಪ್ಪಿಗೆ ಇಬ್ಬರು ಯಾಕೆ ಕೋಪ ಮಾಡಬೇಕು, ಖಲಾಸ್."

ದೊರೆ ಬಂದ. ಏರ್‌ಪೋರ್ಟಿನಿಂದ ನೇರ ಹಿತ್ತಿಲಿಗೆ ನಡೆದ. ಅವನನ್ನು ಕರೆತಂದವರು ನಾನು ಮತ್ತು ಜೊಕಿಮ್. ಮಹಾಬಲ ಇಸ್ತ್ರಿ ಹಾಕಿದ ಅಂಗಿ, ಟೈ ತೊಟ್ಟು ಕೊಳದ ಬಳಿ ನಿಂತಿದ್ದ. ಕೊಳದಲ್ಲಿ ಸೊಂಟದುದ್ದ ಹಸಿರು ನೀರು, ಅದರ ಮೇಲೆ ಒಂದು ತೆಂಗಿನಕಾಯಿ. ನೀರು ಇಳಿದ ಗೋಡೆಯ ಉದ್ದಕ್ಕೂ ಉಪ್ಪು ಬಿಳಿಯಾಗಿ ಹೆಪ್ಪುಗಟ್ಟಿತ್ತು.

ಕೆವಿನ್ ದೊರೆ ಕಾಲ ಬಳಿ ಇದ್ದ ವೀಳ್ಯದೆಲೆಯೊಂದನ್ನು ಎತ್ತಿ, ಎರಡೂ ಬದಿ ನೋಡಿ, ಮತ್ತೆ ಅಲ್ಲಿಯೇ ಇಟ್ಟ. ಆಮೇಲೆ ಯಂತ್ರದ ತಟ್ಟೆಗಳನ್ನು ಕಳಚಿ ಹೊರಗೆ ತೆಗೆದ. ತಟ್ಟೆಗಳೇ ಕಾಣದಂತೆ ಬಿಳಿ ಹಕ್ಕಳೆ ಕಟ್ಟಿತ್ತು. ಬಳಿಯಲ್ಲೇ ಆಸಿಡ್ ಬಾಟ್ಲಿ, ಸೀಲು ಸಹ ಒಡೆದಿರಲಿಲ್ಲ.

"ಇದನ್ನು ಯಾಕೆ ತೊಳೆಯಲಿಲ್ಲ, ಮಹಾ?"

"ಸರ್, ಅದು ಉಪ್ಪಿನ ರಿಸರ್ವ್ ಸ್ಟಾಕ್ ಎಂದು ತಿಳಿದೆ. ಸ್ಟಾಕನ್ನು ಎಸೆಯಬಾರದಲ್ಲ."

ಹದಿನಾರು ವರ್ಷ ಸ್ಟೋರ್ಸ್ ನೋಡಿಕೊಂಡವನ ಬಾಯಲ್ಲಿ ಬೇರೆ ಉತ್ತರ ಬರುವುದಾದರೂ ಹೇಗೆ? ದೊರೆ ಕಣ್ಣು ಮುಚ್ಚಿಕೊಂಡ.

"ನನ್ನ ಕೊಳದಲ್ಲಿ ಏನಾಯಿತು ಎಂದು ಯಾರಾದರೂ ಹೇಳುತ್ತೀರಾ?"

ಅಕ್ಕು ಅತ್ತೆ, ಮನೆಗೆ ಬಂದ ದೊಡ್ಡ ಮನುಷ್ಯನಿಗೆ ಮರ್ಯಾದೆ ಮಾಡಬೇಕು ಎಂದು, ಸೌಟಿನಲ್ಲಿ ಒಂದಿಷ್ಟು ನೀರು ತೆಗೆದು ಅವನ ಮುಂದೆ ಹಿಡಿದರು. "ರುಚಿ ನೋಡಲಿ ಹೇಳು ಜಯಾ. ಸರಿಯಾಗಿ ಹೆಜಮಾಡಿಯೇ." ದೊರೆ ಸೌಟನ್ನೂ ಅವರನ್ನೂ ನೋಡಿದ. ಕುಡಿಯಲಿಲ್ಲ. ಆದರೆ ಮೂಸಿ ನೋಡಿದಾಗ ಅವನಿಗೆ ಎಲ್ಲ ತಿಳಿದುಹೋಯಿತೆಂದು ಕಾಣುತ್ತದೆ.

"ಮಹಾ, ನೀನು ಹಿದ್‌ಗೆ ಹೋಗು," ಎಂದ.

ಮಹಾಬಲನ ಮುಖ ಅರಳಿತು. ಒಂದು ಕ್ಷಣ ಅವನು ನಿಂತಲ್ಲೇ ಸ್ವಲ್ಪ ತಿರುಗಿದ ಹಾಗೆ ನನಗೆ ಕಂಡಿತು.

"ಕ್ಯಾಬಿನ್ ಜೊಕಿಮ್‌ಗೆ. ನೀನು ಹೊರಗೆ, ಜೆಟ್ಟಿಯಲ್ಲಿ. ದೋಣಿಯಿಂದ ಇಳಿಯುವ ಸಾಮಾನು ಎಣಿಸು. ನಿನ್ನನ್ನು ನೀರಿನ ಹತ್ತಿರವೇ ಇಡಬೇಕು ಎಂದು ನನಗೆ ಅನಿಸುತ್ತದೆ. ಆದರೆ ಅದು ನಿನ್ನ ಕೈಯಿಂದ ಕೆಡಲಾರದಷ್ಟು ದೊಡ್ಡ ನೀರಾಗಿರಬೇಕು."

ಮನಾಮಾದ ಹಳೆಯ ಫ್ಲಾಟಿಗೆ ಮಹಾಬಲನ ಸಾಮಾನು ವಾಪಸು ಬಂದದ್ದು ಅದೇ ಪಿಕಪ್ಪಿನಲ್ಲಿ. ಅಕ್ಕು ಅತ್ತೆ ಊರಿಗೆ ಹೋಗಿ, ಅಳಿಯನ ಮನೆಯ ಹಿತ್ತಿಲಲ್ಲಿ ಸಮುದ್ರ ಉಂಟು, ಪೊಲೀಸರು ಬಂದು ರುಚಿ ನೋಡಿ ಹೋದರು ಎಂದು ಹೇಳಿದರಂತೆ. ಹೆಜಮಾಡಿಯಲ್ಲಿ ಇಂದಿಗೂ ಅದನ್ನು ನಂಬುವವರಿದ್ದಾರೆ. ಮಹಾಬಲ ನಮಗೆಲ್ಲ ತನ್ನದು "ಸೀ ಫೇಸಿಂಗ್ ಪೋಸ್ಟ್" ಎಂದು ಹೇಳಿಕೊಂಡ. ಅದರಲ್ಲಿ ಸುಳ್ಳಿರಲಿಲ್ಲ. ಹಿದ್‌ನ ಜೆಟ್ಟಿಯಲ್ಲಿ ತಗಡಿನ ಶೆಡ್ಡು, ಶೆ​ಡ್ಡಿನಲ್ಲಿ ಅವನ ಅದೇ ಹಳೆಯ ಮರದ ಸ್ಟೂಲು, ಎದುರಿಗೆ ಕಣ್ಣು ಹೋಗುವಷ್ಟು ದೂರ ನೀರು. ಅದೂ ಹಡಗಿನ ದೋಣಿ ಬರಲೆಂದು ಹೂಳು ತೆಗೆದು ಆಳ ಮಾಡಿದ ನೀರು. ತೆರೆಯೂ ಇತ್ತು. ಗಾಜಿನ ಕ್ಯಾಬಿನ್ನಿನಿಂದ ಜೊಕಿಮ್ ಒಮ್ಮೊಮ್ಮೆ ಕುರ್ಚಿ ತಿರುಗಿಸಿ ಅವನಿಗೆ ಕೈ ಬೀಸುತ್ತಿದ್ದ. ಕುರ್ಚಿ ಅವನಿಗೆ ಸರಿಯಾಗಿ ಹಿಡಿಸಿತ್ತು.

ಮರುವರ್ಷ ಜುಲೈ ಬಂತು. ಏನೋ ಕಾಗದ ಕೊಡಲು ನಾನು ಹಿದ್‌ಗೆ ಹೋಗಿದ್ದೆ. ಶೆಡ್ಡಿನ ಫೋನ್ ಹೊಡೆಯಿತು. ಆಶಾಲತಾ ಅವರ ದನಿ ನನಗೂ ಕೇಳುತ್ತಿತ್ತು.

"ಮಹಾಬಲಣ್ಣ, ಬರುವ ವಾರ ಆಟಿ ಅಮಾವಾಸ್ಯೆ. ನಿಮ್ಮ ಆಫೀಸಿನ ಎದುರೇ ಸಮುದ್ರ ಉಂಟಂತೆ. ಆಳವೂ ಉಂಟಂತೆ. ನಾನು ಬಸ್ಸಿಗೆ ಹೇಳಿದ್ದೇನೆ."

ಮಹಾಬಲ ಕ್ಯಾಬಿನ್ನಿನ ಕಡೆ ನೋಡಿದ. ಆಮೇಲೆ ಎದುರಿಗಿದ್ದ ಅರಬ್ಬಿ ಕೊಲ್ಲಿಯನ್ನು ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಅಲೆಯೊಂದು ಬಂದು ಶೆಡ್ಡಿನ ಬುಡಕ್ಕೆ ಬಡಿದು ಅವನ ಪ್ಯಾಂಟಿಗೆ ಹನಿ ಸಿಡಿಯಿತು.

"ಇದು ಸಮುದ್ರ ಅಲ್ಲ ಆಶಕ್ಕ," ಎಂದ. "ಕಂಪನಿಯ ಪೂಲು. ಸ್ವಲ್ಪ ದೊಡ್ಡದು, ಅಷ್ಟೇ."

"ಪೂಲಾ? ಉಪ್ಪು ಉಂಟಲ್ವಾ ಅದರಲ್ಲಿ?"

ಮಹಾಬಲ ಪ್ಯಾಂಟಿನ ಹನಿಯನ್ನು ಕೈಯಿಂದ ಒರೆಸಿಕೊಂಡ.

"ಇಲ್ಲ," ಎಂದ. "ಸಪ್ಪೆ."